ಎರವಲು ತಾತ

ಸೆಕ್ಯುರಿಟಿ ಕೆಲಸ ಹೋದಾಗಿನಿಂದ ನನ್ನ ಗಂಡ ಮ್ಫಾನಿಸೇನಿ ಫೋನಿನೊಳಗೇ ಸಂಸಾರ ಹೂಡಿದ್ದ. ಅವನ ವಾಟ್ಸಾಪ್ ಗುಂಪಿನ ಹೆಸರು 'ನೆಲದ ಮಕ್ಕಳು'. ಮೊದಮೊದಲು ಬರೀ ಧ್ವಜ, ಹಾಡು. ಆಮೇಲೆ ಮಲಾವಿಯವರ, ಜಿಂಬಾಬ್ವೆಯವರ ಅಂಗಡಿಗಳ ಫೋಟೋ. ಫೋಟೋ ಬಂದ ಅಂಗಡಿ ವಾರದೊಳಗೆ ಬೂದಿ. ಈಗ ಹೊಸ ಅಪ್ಪಣೆ: 'ದಕ್ಷಿಣ ಆಫ್ರಿಕ ಇಲ್ಲಿ ಮಣ್ಣಾದವರ ಮಕ್ಕಳಿಗೆ ಮಾತ್ರ. ಎಲ್ಲರೂ ತಾತನ ಗೋರಿಯ ಫೋಟೋ ಹಾಕಿ.'

ಇವನ ತಾತ ಮಲಾವಿಯಿಂದ ಗಣಿ ಕೆಲಸಕ್ಕೆ ಬಂದವನು. ಮ್ಖಾಬೆಲಾ ಅಂತ ಇಲ್ಲಿಯ ಮನೆತನದ ಹೆಸರಿಟ್ಟುಕೊಂಡು ದುಡಿದ, ಮುದುಕನಾಗಿ ಅಲ್ಲಿಗೇ ಹೋಗಿ ಮಣ್ಣಾದ. ಈ ಗುಟ್ಟು ನಮ್ಮಿಬ್ಬರಿಗೇ ಗೊತ್ತು.

"ಆ ಹಾಳು ಗುಂಪು ಬಿಟ್ಬಿಡೋ ಮಾರಾಯ," ಅಂದೆ.

"ಬಿಟ್ಟೋರ ಮನೆಗೇ ಮೊದ್ಲು ಬರ್ತಾರೆ ಕಣೇ."

ಭಾನುವಾರ ಸ್ಮಶಾನದಲ್ಲಿ ಹುಡುಕಾಡಿದೆವು. ಮ್ಖಾಬೆಲಾ ಅಂತ ಕೆತ್ತಿದ್ದ, ಹುಲ್ಲು ಬೆಳೆದು ದಿಕ್ಕಿಲ್ಲದಂತಿದ್ದ ಗೋರಿಯೊಂದು ಸಿಕ್ಕಿತು. ಫೋಟೋ ಹಾಕಿದ್ದೇ ತಡ, 'ಅಪ್ಪಟ ರಕ್ತ!' ಅಂತ ಹೊಗಳಿಕೆಯ ಸುರಿಮಳೆ. ನನಗೆ ಹೋದ ಜೀವ ಬಂತು.

ಮುಂದಿನ ಭಾನುವಾರವೂ ಗಂಡ ಆ ಗೋರಿಗೆ ಹೊರಟ. ಹುಲ್ಲು ಕಿತ್ತ, ಹಿರಿಯರಿಗೆ ಎಡೆಯೆಂದು ಜೋಳದ ಬಿಯರ್ ಸುರಿದ, ನಶ್ಯ ಇಟ್ಟ. ಮಂಡಿಯೂರಿ ಮ್ಖಾಬೆಲಾ ಕುಲದ ಬಿರುದುಗಳನ್ನೆಲ್ಲ ಹೇಳಿ ಅತ್ತ. ಅದರ ವಿಡಿಯೋ ಗುಂಪಿಗೆ ಹೋಯಿತು.

"ಯಾರ್ದೋ ತಾತನ್ನ ಯಾಕೋ ಎಬ್ಬಿಸ್ತೀಯ? ನಿಜವಾಗ್ಲೂ ಎದ್ದು ಬಂದ್ರೆ ಏನ್ಮಾಡ್ತೀಯ?" ಅಂತ ಚುಡಾಯಿಸಿದೆ.

ಅವನು ನಗಲಿಲ್ಲ. "ತಾತ ಕನಸಲ್ಲಿ ಬಂದಿದ್ದ. ಹೆಸರು ಹಿಡಿದು ಕರೆದ."



ಇವತ್ತು ಹಿಂದಿನ ಬೀದಿಯ ವೆಲ್ಡರ್ ಭೇಕಿಫಾ ಮ್ಖಾಬೆಲಾ ಗುಂಪಿನಲ್ಲಿ ಅದೇ ಗೋರಿಯ ಹಳೇ ಫೋಟೋ ಹಾಕಿದ. 'ಇವರು ನನ್ನ ತಾತ. ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ನಾನು.'

ಗುಂಪು ಕೆರಳಿತು. 'ಹುಲ್ಲು ಕೀಳದವನು ಎಂಥ ಮೊಮ್ಮಗ? ಮ್ಫಾನಿಸೇನಿಯ ತಾತನನ್ನು ಕದ್ದ ಪರದೇಶಿ! ನಡೀರಿ ಅವನ ಮನೆಗೆ!'

ಬೀದಿಯಲ್ಲಿ ಸಿಳ್ಳೆ, ಕೂಗು. ಗಂಡ ದೊಣ್ಣೆ ಹಿಡಿದು ಎದ್ದ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅವ್ನ ಮನೇಲಿ ಮಕ್ಕಳಿದಾರೆ ಕಣೋ! ಅವ್ನು ಹೇಳ್ತಿರೋದೇ ನಿಜ. ನಿನ್ ತಾತ ಮಲಾವಿಯೋನು!"

ಗುರುತೇ ಇಲ್ಲದವಳನ್ನು ನೋಡುವಂತೆ ನನ್ನನ್ನು ನೋಡಿದ. ಆಮೇಲೆ ನಿಧಾನವಾಗಿ ಫೋನೆತ್ತಿ, ವಿಡಿಯೋ ಒತ್ತಿ, ನನ್ನ ಮುಖಕ್ಕೆ ಹಿಡಿದ.

"ನಿನ್ ತಾತನ ಗೋರಿ ಎಲ್ಲಿದೆ, ಹೇಳು."