ಬೊನ್ಜಾಕ್ ಅಂದರೆ

"ನಿನ್ನ ಗಂಡ ಬೊನ್ಜಾಕ್ ಕಣೇ. ಹೇಳು ಅವನಿಗೆ. ಒಂದಕ್ಷರ ಬಿಡದೆ ಹೇಳು." ದ್ರಾಹೋಮೀರಾ ಆಲೂಗೆಡ್ಡೆ ಸುಲಿಯುತ್ತಿದ್ದ ಚಾಕುವನ್ನು ಮೇಜಿನ ಮೇಲೆ ಕುಕ್ಕಿದಳು.

ಮಗಳು ರಾದ್ಕಾ ಗಂಡನ ಮುಖ ನೋಡಿದಳು. ಬ್ರನೋ ಪಟ್ಟಣದಲ್ಲಿ ಜೆಕ್‌ನಿಂದ ಇಂಗ್ಲಿಷಿಗೆ ಅನುವಾದ ಮಾಡಿಯೇ ಹೊಟ್ಟೆ ಹೊರೆಯುವವಳು ಅವಳು. ಎಂಥ ಕರಾರುಪತ್ರವಾದರೂ ನೀರು ಕುಡಿದಷ್ಟು ಸುಲಭ. ಅಮ್ಮನ ಈ ಒಂದು ಮಾತಿಗೆ ಮಾತ್ರ ಇಂಗ್ಲಿಷ್ ಸಿಗಲಿಲ್ಲ.

ಅಮ್ಮನ ಊರಿನಲ್ಲಿ, ಪಕ್ಕದ ಮನೆಯ ವ್ಲಾಸ್ತಿಮಿಲ್ ತನ್ನ ಹಳೇ ಬಾಯ್ಲರಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿ ಮನೆ ಕಾಯಿಸುತ್ತಿದ್ದ. ಕಪ್ಪು ಹೊಗೆಯೆಲ್ಲ ಈ ಮನೆಗೆ. ಅತ್ತೆ ಕೆಮ್ಮಿ ಕೆಮ್ಮಿ ಬಾಗುವುದನ್ನು ನೋಡಲಾರದೆ, ಲಂಡನ್ನಿನ ಅಳಿಯ ಡೆರೆಕ್ ಪುರಸಭೆಯ ಕಚೇರಿಗೆ ದೂರು ಕೊಟ್ಟ. ಅಧಿಕಾರಿಗಳು ಬಂದು ಬಾಯ್ಲರ್ ಹಚ್ಚಕೂಡದೆಂದು ಹೇಳಿ ಹೋದರು. ಜನವರಿಯ ಚಳಿಯಲ್ಲಿ ವ್ಲಾಸ್ತಿಮಿಲ್ ಈಗ ಕೋಟು ತೊಟ್ಟೇ ಮಲಗುತ್ತಾನೆ. ದೂರು ಕೊಟ್ಟವರು ಯಾರೆಂದು ಊರೆಲ್ಲ ತಲೆ ಕೆಡಿಸಿಕೊಂಡಿದೆ. ಈಗ ತಾನೇ ಡೆರೆಕ್, ಬೆನ್ನು ತಟ್ಟಿಯಾರೆಂಬ ಆಸೆಯಿಂದ, ತಾನೇ ಅಂತ ಬಾಯಿಬಿಟ್ಟಿದ್ದ.

"ಏನಂದರು?" ಡೆರೆಕ್ ಹೆಂಡತಿಯನ್ನು ಕೇಳಿದ.

ರಾದ್ಕಾ ತಡವರಿಸಿದಳು. "ಗ್ರಾಸ್... ಅನ್ನಬಹುದೇನೋ."

ಡೆರೆಕ್ ನಕ್ಕುಬಿಟ್ಟ. "ಅದು ಪೊಲೀಸರ ಹತ್ತಿರ ಹೋದವನಿಗೆ ಕಳ್ಳರು ಬೈಯೋ ಮಾತು! ನಿಮ್ಮಮ್ಮ ಯಾವಾಗ ಕಳ್ಳತನಕ್ಕಿಳಿದರು?"

ಅವಳಿಗೆ ಅಳು ಬಂತು. ಅವನ ಭಾಷೆಯಲ್ಲಿ ಈ ಬೈಗುಳಗಳೆಲ್ಲ ಕಳ್ಳರವು, ಇಲ್ಲವೇ ಶಾಲೆಯ ಮಕ್ಕಳವು. ಇಲ್ಲಿ ಬೇರೆಯವರನ್ನು ಅಧಿಕಾರಿಗಳಿಗೆ ಹಿಡಿದುಕೊಡುವವನನ್ನು ಮೇಷ್ಟ್ರೂ ಬೊನ್ಜಾಕ್ ಎಂದು ಬೈಯುತ್ತಾರೆ, ಪಾದ್ರಿಯೂ ಬೈಯುತ್ತಾರೆ. ಕಮ್ಯುನಿಸ್ಟರ ಕಾಲದಲ್ಲಿ ಅಮ್ಮನ ಅಪ್ಪನನ್ನು ಯಾರೋ ಹೀಗೇ ಹಿಡಿದುಕೊಟ್ಟಿದ್ದರು, ಸರ್ಕಾರ ಗಣಿಗೆ ಅಟ್ಟಿತ್ತು, ಅಲ್ಲಿಂದ ಅವನು ಬರೀ ಕೆಮ್ಮು ಹೊತ್ತು ಬಂದಿದ್ದ. ಅದನ್ನೆಲ್ಲ ಯಾವ ಪದದೊಳಗೆ ತುಂಬಿಸುವುದು?

"ಅವರಿಗಾಗಿಯೇ ಅಲ್ವಾ ನಾನು ಮಾಡಿದ್ದು?" ಡೆರೆಕ್ ಎದ್ದ. "ಕದ್ದುಮುಚ್ಚಿ ಮಾಡಿದ್ದೇನಲ್ಲ. ಹೋಗಿ ಅವನಿಗೇ ಹೇಳ್ತೀನಿ."

"ಎಲ್ಲಿಗೆ ಹೊರಟ ಈ ಪುಣ್ಯಾತ್ಮ?"

ರಾದ್ಕಾ ಹೇಳಿದಳು. ಮುದುಕಿಯ ಮುಖ ಬಿಳಿಚಿತು. "ಅಯ್ಯೋ, ತಡಿಯೇ ಅವನನ್ನ! ಅವನ ಹೆಸರು ಹೊರಬಿದ್ರೆ ನೀವಿಬ್ರೂ ಇನ್ನು ಈ ಊರಿಗೆ ಕಾಲಿಡೋ ಹಾಗಿಲ್ಲ."

ತಾಯಿ ಮಗಳು ಇಬ್ಬರೂ ಓಡಿದರು. ಬೇಲಿಯಾಚೆ ವ್ಲಾಸ್ತಿಮಿಲ್ ಹಿಮ ಬಾಚುತ್ತಿದ್ದ. ಡೆರೆಕ್ ಆಗಲೇ ಇಂಗ್ಲಿಷಿನಲ್ಲಿ ಎಲ್ಲ ಒಪ್ಪಿಸಿ, ಅನುವಾದಕ್ಕಾಗಿ ಹೆಂಡತಿಯತ್ತ ತಿರುಗಿದ. ಅವಳು ಬಾಯಿ ತೆರೆಯುವುದರೊಳಗೆ ತಾಯಿ ಮುಂದೆ ಬಂದಳು.

"ನಾನೇ ಕಣೋ ವ್ಲಾಸ್ತಾ, ದೂರು ಕೊಟ್ಟಿದ್ದು. ಕೆಮ್ಮು ತಡೆಯೋಕಾಗ್ಲಿಲ್ಲ. ಅಳಿಯ ಅದಕ್ಕೇ ಬೇಜಾರು ಮಾಡ್ಕೊಂಡು ಕ್ಷಮೆ ಕೇಳ್ತಿದಾನೆ."

ಸಲಿಕೆಯ ಸದ್ದು ನಿಂತಿತು. ಅಮ್ಮ ಹೇಳಿದ್ದನ್ನು ರಾದ್ಕಾ ಇಂಗ್ಲಿಷಿನಲ್ಲಿ ಹೇಳಿದರೆ ಗಂಡ ಸುಮ್ಮನಿರುವವನಲ್ಲ. ಗಂಡ ಹೇಳಿದ್ದನ್ನು ಜೆಕ್‌ನಲ್ಲಿ ಹೇಳಿದರೆ ಅಮ್ಮ ಉಳಿಸಲು ಹೊರಟದ್ದೇ ಹೋಗುತ್ತದೆ.

ವ್ಲಾಸ್ತಿಮಿಲ್ ದ್ರಾಹೋಮೀರಾಳತ್ತ ತಿರುಗಿದ. "ಈಗ ಕೆಮ್ಮು ಕಡಿಮೆ ಆಯ್ತಾ?"

"ಏನಂತೆ?" ಡೆರೆಕ್ ಕೇಳಿದ.

ಇದನ್ನು ರಾದ್ಕಾ ಇದ್ದದ್ದು ಇದ್ದ ಹಾಗೆ ಅನುವಾದಿಸಿದಳು. ಡೆರೆಕ್‌ನ ಮುಖ ಅರಳಿತು. "ನೋಡು, ಎಷ್ಟು ಒಳ್ಳೇ ಮನುಷ್ಯ!"

ವ್ಲಾಸ್ತಿಮಿಲ್ ಜೇಬಿನಿಂದ ಕೀಲಿಗೊಂಚಲು ತೆಗೆದ. ತಾನೊಬ್ಬಳೇ ಇದ್ದಾಗ ಬಿದ್ದುಗಿದ್ದರೆ ಬಾಗಿಲು ತೆಗೆಯಲೆಂದು ದ್ರಾಹೋಮೀರಾ ಕೊಟ್ಟಿದ್ದ ಕೀಲಿ ಅದರಲ್ಲಿತ್ತು. ಮರಗಟ್ಟಿದ ಬೆರಳುಗಳಿಂದ ಅದನ್ನು ಬಿಡಿಸಿ, ಬೇಲಿಗಂಬದ ಮೇಲಿಟ್ಟು, ಒಳಗೆ ಹೋದ.

ದ್ರಾಹೋಮೀರಾ ಕೈಗಳನ್ನು ಏಪ್ರನ್ನಿನೊಳಗೆ ಸುತ್ತಿಕೊಂಡು ಕೀಲಿಯನ್ನೇ ನೋಡುತ್ತ ನಿಂತಳು.