ಅಂಗಾಲಿನ ಸುಣ್ಣ

ಕೆಂಪು ಬಾವುಟ ಮೇಲೆದ್ದಿತು. ಮರಳಿನ ಗುಂಡಿಯಲ್ಲಿ ಮಂಡಿಯೂರಿದ್ದ ಹುಡುಗಿ ಅದನ್ನು ಕಂಡು, ತನಗಲ್ಲ, ಬೇರೆ ಯಾರಿಗೋ ಇರಬೇಕೆಂಬಂತೆ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

ಹದಿನೆಂಟರ ಒಳಗಿನ ಮಕ್ಕಳ ಅಂತಾರಾಷ್ಟ್ರೀಯ ಕೂಟ. ಕ್ರೀಡಾಂಗಣದ ನೆತ್ತಿಯ ಮೇಲೆ ಸುತ್ತಲೂ ದೇಶದೇಶಗಳ ಬಾವುಟ. ಆ ಹುಡುಗಿ ಯಾವ ದೇಶದವಳೋ, ಅವಳ ಎದೆಯ ಮೇಲಿನ ಅಕ್ಷರ ಹಲಗೆ ಕಾಯುವ ಸುಣ್ಣದಕ್ಕನಿಗೆ ಓದಲು ಬಾರದು. ಉದ್ದಜಿಗಿತದಲ್ಲಿ ಇದು ಅವಳ ಆರನೆಯ ನೆಗೆತ, ಇದೇ ಕೊನೆಯದು ಎಂಬುದಷ್ಟೇ ಗೊತ್ತಿತ್ತು.

"ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ನೋಡಕ್ಕ," ಎಂದ ರೇಡಿಯೊ. ಮರಳು ಸಮ ಮಾಡುವ ಕೆಲಸ ಅವನದು; ಬಾಯಿಗೆ ಬೀಗವಿಲ್ಲದ್ದಕ್ಕೆ ಆ ಹೆಸರು. "ಎಂಥಾ ಹಾರು ಹಾರಿದ್ಲು! ಬಂದು ನನ್ನ ಹೆಗಲ ಮೇಲೇ ಕೂರ್ತಾಳೇನೋ ಅಂದ್ಕೊಂಡೆ."

ಸುಣ್ಣದಕ್ಕನ ಕೆಲಸ ಈಚೆ, ನೆಗೆಯುವ ಬಿಳಿ ಹಲಗೆಯ ಬಳಿ. ಹಲಗೆಯ ಅಂಚಿಗೆ ಮೇಣದಂತೆ ಮೆತ್ತಗಿನ ಒಂದು ಪಟ್ಟಿ. ಕಾಲು ಗೆರೆ ದಾಟಿದರೆ ಅದರ ಮೇಲೆ ಗುರುತು ಬೀಳುತ್ತದೆ. ಗುರುತು ಬಿದ್ದರೆ ನೆಗೆತವನ್ನು ಅಳೆಯುವುದಿಲ್ಲ. ಗುರುತನ್ನು ಕರಣೆಯಿಂದ ತೀಡಿ, ಪಟ್ಟಿಯನ್ನು ಕನ್ನಡಿಯಂತೆ ಮಾಡಿ ಮತ್ತೆ ಕೂರಿಸಬೇಕು. ಅವಳು ಬಗ್ಗಿ ನೋಡಿದಳು.

ಪಟ್ಟಿಯ ಬಲತುದಿಯಲ್ಲಿ ಬೆರಳಗಲದ ಒಂದು ತಗ್ಗು, ತಗ್ಗಿನ ನಡುವೆ ಕೂದಲೆಳೆಯಂಥ ಏಣು. ಸುಣ್ಣ ತಾಕಿ ತಾಕಿ ಸಣ್ಣಂದಿನಲ್ಲೇ ಸೀಳಿದ ಅವಳ ಹೆಬ್ಬೆರಳಿನ ಉಗುರು ಎಲ್ಲಿ ಒತ್ತಿದರೂ ಹೀಗೆ ಏಣು ಬಿಡುತ್ತದೆ. ಈಗಷ್ಟೇ ಪಟ್ಟಿ ಕೂರಿಸುವಾಗ, ಓಟದ ಹಾದಿಯ ಆ ತುದಿಯಲ್ಲಿ ಈ ಹುಡುಗಿ ಒಂದು ಕಾಲ ಮೇಲೆ ಇನ್ನೊಂದು ಕಾಲಿಟ್ಟು ಕೊಕ್ಕರೆಯ ಹಾಗೆ ನಿಂತಿದ್ದಳು. ತಾನೂ ಒಮ್ಮೆ ಹಾಗೇ ನಿಲ್ಲುತ್ತಿದ್ದೆನಲ್ಲ ಎಂದು ನೋಡುತ್ತ ನೋಡುತ್ತ ಮೈಮರೆತಿದ್ದಳು. ಬೆರಳು ಒತ್ತಿದ್ದು ಆಗಲೇ.

ಸುಮ್ಮನಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಬಾಯಿ ಬಿಟ್ಟರೆ ಕೆಲಸ ಹೋಗುತ್ತಿತ್ತು. ಬೆಳಿಗ್ಗೆ ಮೇಸ್ತ್ರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ್ದ: "ಒಂದೇ ಒಂದು ತಪ್ಪು ಕಣ್ಣಿಗೆ ಬೀಳ್ಲಿ, ಕೊರಳಿನ ಚೀಟಿ ಬಿಚ್ಚಿಟ್ಟು ನಡೀತಾ ಇರಿ. ನಾಳೆಯಿಂದ ಈ ಗೇಟಿನ ಒಳಗೆ ಕಾಲಿಡೋ ಹಾಗಿಲ್ಲ."

ಅವಳ ಮೂಗಿಗೆ ಹಸಿ ಸುಣ್ಣದ ವಾಸನೆ ಬಡಿಯಿತು. ಇಲ್ಲಿ ಸುಣ್ಣವೇ ಇಲ್ಲ, ಎಲ್ಲ ಬಣ್ಣ. ಆ ವಾಸನೆ ಮೂವತ್ತೆಂಟು ವರ್ಷ ಹಿಂದಿನದು. ಶಾಲೆಗಳ ಕೂಟದ ಬೆಳಗು, ಹುಲ್ಲಿನ ಮೇಲೆ ಇನ್ನೂ ಇಬ್ಬನಿ. ಮೈದಾನದ ಆಳಾಗಿದ್ದ ಅಪ್ಪ ಹಗ್ಗ ಎಳೆದು ಕಟ್ಟಿ, ತೂತು ಕೊರೆದ ಸುಣ್ಣದ ಡಬ್ಬಿಯನ್ನು ಮಗಳ ಕೈಗೆ ಕೊಟ್ಟಿದ್ದ. "ಹಿಂದೆ ಹಿಂದೆ ನಡಿ ಮಗಳೇ. ನಿನ್ನ ಗೆರೆ ನೀನೇ ತುಳೀಬಾರ್ದು." ಅವನ ಶಿಳ್ಳೆ, ಡಬ್ಬಿಯ ಟಕ್ ಟಕ್, ಹಿಂದೆ ಹಿಂದೆ ನಡೆಯುವ ಇಬ್ಬರ ಬರಿಗಾಲು. ಬಿಸಿಲೇರುವಷ್ಟರಲ್ಲಿ ಎಂಟು ಗೆರೆ ಮುಗಿಸಿ, ಪೈಪೋಟಿಗೆ ಬಿದ್ದು ನಕ್ಕಿದ್ದರು. ಅಷ್ಟು ನೆಟ್ಟಗಿನ ಗೆರೆಗಳನ್ನು ಅವಳು ಮತ್ತೆ ಕಂಡಿಲ್ಲ.

ಅದೇ ದಿನ ಮಧ್ಯಾಹ್ನ ಅವಳು ಹಾರಿದಾಗ ಮೈದಾನ ಹೋ ಎಂದಿತ್ತು. "ಕಾಲೆತ್ತು," ಅಂದಿದ್ದರು ತೀರ್ಪುಗಾರರು. ಎತ್ತಿದಳು. ಅಂಗಾಲ ತುಂಬ ಸುಣ್ಣ. "ಗೆರೆ ತುಳಿದಿದ್ದಾಳೆ. ಬರ್ಕೊಳ್ಳಿ." ಬೂಟು ಹಾಕಿದ್ದ ಯಾವ ಹುಡುಗಿಯ ಕಾಲನ್ನೂ ಅವರು ಎತ್ತಿಸಿರಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುತ್ತಾರೆ. ಅವಳ ಪಾಲಿನ ಸುಣ್ಣ ಕಣ್ಣಿನವರೆಗೂ ಏರದೆ ಕಾಲಿನಲ್ಲೇ ಕೆಲಸ ಮುಗಿಸಿತ್ತು. ಗೆರೆ ಹಾಕಿದವರ ಕಾಲಿಗೆ ಸುಣ್ಣ ಹತ್ತದೆ ಇನ್ನೇನು ಹತ್ತೀತು? ಅದನ್ನು ಹೇಳಬಲ್ಲವನು ಅಲ್ಲಿ ಒಬ್ಬನೇ ಇದ್ದ. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡಿದ. ಆಮೇಲೆ ಹಲ್ಲುಗೋಲು ಎತ್ತಿಕೊಂಡು ಮರಳಿನ ಮೇಲಿದ್ದ ಮಗಳ ಹಿಮ್ಮಡಿಯ ಗುರುತನ್ನು ಮೆಲ್ಲಗೆ ಸಮ ಮಾಡಿದ.

ಸಂಜೆ ನಲ್ಲಿಯ ಕೆಳಗೆ ಅವಳ ಕಾಲು ತೊಳೆದವನೂ ಅವನೇ. ಸುಣ್ಣ ಹೋದ ಮೇಲೂ ಉಜ್ಜುತ್ತಲೇ ಇದ್ದ. ಅವನ ಮೇಲಿನ ಸಿಟ್ಟು ಎಂದೋ ಕರಗಿತ್ತು. ಆ ಒದ್ದೆ ಕೈಯ ಒರಟು ಮಾತ್ರ ಅಂಗಾಲಿನಲ್ಲಿ ಉಳಿದಿತ್ತು.

ಇಲ್ಲಿ ರೇಡಿಯೊ, ಹುಡುಗಿ ಬಿದ್ದ ಗುರುತಿನ ಮೇಲೆಯೇ, ಹಲ್ಲುಗೋಲನ್ನು ಮರಳಿಗೆ ಇಳಿಸುತ್ತಿದ್ದ; ಆ ಗುರುತು ಅಳಿಸಿದರೆ ಅಳೆಯಲು ಏನೂ ಉಳಿಯದು.

"ಏಯ್! ತೆಗಿ ಕೈ!" ಅವಳ ಕೂಗು ಅವಳಿಗೇ ಹೊಸದು. "ಒಂದು ಕಾಳು ಮರಳು ಅಲುಗಿದ್ರೆ ನಿನ್ನ ಹುಟ್ಟಡಗಿಸಿಬಿಡ್ತೀನಿ!"

ಹುಟ್ಟಿದಾರಭ್ಯ ಮೊದಲ ಸಲ ರೇಡಿಯೊ ಬಂದ್ ಆಯಿತು.

"ಏನಮ್ಮಾ ಇದು ಗಲಾಟೆ?" ಬಾವುಟ ಹಿಡಿದೇ ತೀರ್ಪುಗಾರರು ಬಂದರು.

"ಈ ಗುರುತು ಆ ಮಗೂದಲ್ಲ ಸಾರ್. ನಂದು."

"ನಿಂದು ಅಂದ್ರೆ?"

"ಪಟ್ಟಿ ಕೂರಿಸ್ತಾ ಹೆಬ್ಬೆರಳು ಒತ್ಬಿಟ್ಟೆ. ನೋಡ್ಕೊಳ್ಲಿಲ್ಲ."

ಅವರು ದನಿ ತಗ್ಗಿಸಿದರು. "ಯೋಚನೆ ಮಾಡಿ ಮಾತಾಡಮ್ಮ. ನೀನು ಹೇಳಿದ್ದನ್ನ ನಾನು ಬರೆದು ಕಳಿಸ್ಬೇಕಾಗುತ್ತೆ. ನಿನ್ನ ಕೆಲಸಕ್ಕೇ ಕುತ್ತು ಬರುತ್ತೆ."

"ಬರೀರಿ ಸಾರ್. ಆದ್ರೆ ಸರಿಯಾಗಿ ಬರೀರಿ. ಹಿಂದೊಂದು ಸಲ ತಪ್ಪು ಬರೆದ್ರು, ಇವತ್ತಿನವರೆಗೂ ಯಾರೂ ತಿದ್ಲಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ಅವಳು ಮಂಡಿಯೂರಿ, ಆ ತಗ್ಗಿನ ಮಗ್ಗುಲಲ್ಲೇ ಹೆಬ್ಬೆರಳು ಒತ್ತಿ ಎತ್ತಿದಳು. ಅವಳಿ ಮಕ್ಕಳ ಹಾಗೆ ಎರಡು ಗುರುತು, ಎರಡರಲ್ಲೂ ಅದೇ ಏಣು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಬಿಳಿ ಬಾವುಟ ಎತ್ತಿದರು.

ಟೇಪು ಎಳೆದರು. ಫಲಕದ ಮೇಲೆ ಅಂಕಿ ಹೊತ್ತಿಕೊಂಡಿತು. ಹುಡುಗಿ ಚೀರುತ್ತ, ಮರಳು ಉದುರಿಸುತ್ತ, ಸುಣ್ಣದಕ್ಕನ ಪಕ್ಕದಲ್ಲೇ ಹಾದು ತನ್ನ ಗುರುವಿನ ಕಡೆಗೆ ಓಡಿದಳು. ಇವಳ ಮುಖವನ್ನೂ ನೋಡಲಿಲ್ಲ. ನೋಡಬೇಕಾದ್ದೂ ಏನಿರಲಿಲ್ಲ, ಅವಳು ಹಾರಿದ್ದು ಅವಳದೇ.

ತೀರ್ಪುಗಾರರು ವೈರ್‌ಲೆಸ್ಸಿನಲ್ಲಿ ಏನೋ ಹೇಳಿ ಮುಗಿಸುವಷ್ಟರಲ್ಲಿ, ಟ್ರ್ಯಾಕಿನ ಆಚೆ ಬದಿಯಲ್ಲಿ ಮೇಸ್ತ್ರಿ ಕಾಣಿಸಿಕೊಂಡ. ಈಚೆ ಬರಲು ಒಂದು ಕಾಲು ಮುಂದಿಟ್ಟ. ಕಾವಲಿನವನು ಎದೆಗೆ ಕೈ ಅಡ್ಡ ಹಿಡಿದು ತಡೆದ. ಟ್ರ್ಯಾಕಿನಲ್ಲಿ ದೂರದ ಓಟ ನಡೆಯುತ್ತಿತ್ತು. ಓಟ ಮುಗಿಯುವವರೆಗೆ ಯಾರೂ ದಾಟುವಂತಿಲ್ಲ. ಮೇಸ್ತ್ರಿ ಅಲ್ಲಿಂದಲೇ ಕೈಬೀಸಿ ಏನೇನೋ ಬಯ್ಯುತ್ತಿದ್ದ. ಗದ್ದಲದಲ್ಲಿ ಒಂದು ಪದವೂ ಕೇಳಲಿಲ್ಲ.

"ಅಕ್ಕಾ," ರೇಡಿಯೊ ಪಿಸುಗುಟ್ಟಿದ, "ಈಗೇನು ಗತಿ?"

"ಓಟ ಇನ್ನೆಷ್ಟು ಸುತ್ತು ಐತೆ?"

"ಐದು."

"ಹಾಗಾದ್ರೆ ಇನ್ನಿಬ್ಬರ ನೆಗೆತ ಮುಗಿಸ್ಬಹುದು. ಬಾಯಿ ಮುಚ್ಕೊಂಡು ಮರಳು ಎಳಿ."

ಅವಳು ಪಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಕರಣೆಯನ್ನು ಅಂಗೈಯಲ್ಲಿ ಒರೆಸಿಕೊಂಡಳು. ಓಟಗಾರರ ಗುಂಪು ಮೇಸ್ತ್ರಿಗೂ ಅವಳಿಗೂ ನಡುವೆ ಹಾದುಹೋಯಿತು. ಹಾದಿಯ ಆ ತುದಿಯಲ್ಲಿ ಮುಂದಿನ ಹುಡುಗಿ ಆಗಲೇ ಕೈ ಎತ್ತಿ ಕಾಯುತ್ತಿದ್ದಳು.