ಪಾಲಿಗೆ ಬಂದ ಲೇತು

ತಕ್ಕಡಿ ಮಾವನಿಗೆ ಮರ ಕಡೆಯುವ ಲೇತಿನ ತಲೆಬುಡ ಗೊತ್ತಿರಲಿಲ್ಲ. ಆದರೆ ತೂಕ ಗೊತ್ತಿತ್ತು. ಜೀವಮಾನವೆಲ್ಲ ಗೋದಾಮಿನಲ್ಲಿ ಮೂಟೆ ತೂಗಿ ನಿವೃತ್ತನಾದ ಮನುಷ್ಯ. ತಕ್ಕಡಿಯಲ್ಲಿಟ್ಟು ತೀರಿಸಲಾಗದ ಜಗಳ ಜಗತ್ತಿನಲ್ಲೇ ಇಲ್ಲ ಎಂದು ನಂಬಿದ್ದ. ಭಾವ ತೀರಿಕೊಂಡ ಮೇಲೆ ಅಕ್ಕನ ಮಕ್ಕಳು ಮೂವರೂ ಪಾಲಿಗೆ ಕೂತರು. ಆ ಬಾಡಿಗೆ ಮನೆಯಲ್ಲಿ ಹಂಚುವಂಥದ್ದು ಎಂದರೆ ಭಾವನ ಹಳೆಯ ಲೇತು ಒಂದೇ. ಮಾವ ಸ್ಪ್ಯಾನರ್ ಹಿಡಿದು ಅದನ್ನು ಬಿಚ್ಚಿದ, ಗೋದಾಮಿನಿಂದ ತಕ್ಕಡಿ ತರಿಸಿದ, ಅಳೆದು ಸುರಿದು ಮೂರು ಪಾಲು ಮಾಡಿದ. ಒಂದು ಪಾಲು ತುಸು ಹಗುರವೆನಿಸಿದ್ದಕ್ಕೆ ಎರಡು ಉಳಿ ಸೇರಿಸಿ ಮುಳ್ಳು ನಿಲ್ಲಿಸಿದ. ಅಷ್ಟು ನ್ಯಾಯವಾದ ಪಾಲು ಆ ಬೀದಿಯಲ್ಲಿ ಹಿಂದೆಂದೂ ಆಗಿರಲಿಲ್ಲ. ಲೇತು ಮಾತ್ರ ಅಂದಿನಿಂದ ತಿರುಗಲಿಲ್ಲ.

ದೊಡ್ಡಣ್ಣನಿಗೆ ಬಂದದ್ದು ಬೆಡ್ಡು, ಅಂದರೆ ಕಾಲುಗಳ ಮೇಲೆ ಕೂತ ಎರಡು ಉದ್ದನೆಯ ಕಬ್ಬಿಣದ ಹಳಿ. ಮಿಕ್ಕದ್ದೆಲ್ಲ ಕೂರಬೇಕಾದದ್ದು ಅದರ ಮೇಲೆ. ಅವನು ಅದಕ್ಕೆ ಹಲಗೆ ಹಾಸಿ ತನ್ನ ಚಪ್ಪಲಿ ಅಂಗಡಿಯಲ್ಲಿಟ್ಟ. ಗಿರಾಕಿಗಳು ಅದರ ಮೇಲೆ ಕೂತು ಚಪ್ಪಲಿ ಮೆಟ್ಟಿ ನೋಡುತ್ತಿದ್ದರು. ಚಿಕ್ಕಣ್ಣನಿಗೆ ಬಂದದ್ದು ಮೋಟಾರಿನ ಸಮೇತ ತಲೆ. ಅಂಗಡಿಯವರು ಅದನ್ನು ಹೆಡ್‌ಸ್ಟಾಕ್ ಎನ್ನುತ್ತಾರೆ, ಅಪ್ಪ ತಲೆ ಎನ್ನುತ್ತಿದ್ದ. ಬೆಲ್ಟು ಎಳೆದಂತೆ ತಾನು ತಿರುಗಿ ಮರವನ್ನೂ ತಿರುಗಿಸುವುದು ಅದೇ. ಚಿಕ್ಕಣ್ಣ ಅದಕ್ಕೆ ಸಾಣೆಕಲ್ಲು ಸಿಕ್ಕಿಸಿ ಬೀದಿಯ ಕತ್ತರಿಗಳನ್ನೆಲ್ಲ ಹರಿತ ಮಾಡಿದ, ಕೆಲವನ್ನು ಸವೆಸಿಯೇ ಮುಗಿಸಿದ.

ತಂಗಿಗೆ ಬಂದದ್ದು ಉಳಿಗಳು ಮತ್ತು ಉಳಿದದ್ದು. ಮರದ ಇನ್ನೊಂದು ತುದಿಯನ್ನು ಮೊನೆಯಿಂದ ಒತ್ತಿ ಹಿಡಿಯುವ ಬಾಲ. ಉಳಿ ಊರುವ ಅಡ್ಡಪಟ್ಟಿ. ಬಟ್ಟಲು ಕಡೆಯುವಾಗ ಮರವನ್ನು ಸ್ಕ್ರೂ ಹಾಕಿ ಬಿಗಿಯುವ ತೂತಿನ ತಟ್ಟೆ. ಮರದ ತಲೆಗೆ ಕಚ್ಚಿಕೊಳ್ಳುವ ನಾಲ್ಕು ಹಲ್ಲಿನ ಮೊನೆ. ಮೂವರಲ್ಲಿ ಅಪ್ಪನ ಪಕ್ಕ ನಿಂತು ಕಡೆಯುವುದನ್ನು ಕಲಿತವಳು ಅವಳೊಬ್ಬಳೇ. ಈಗ ಕೈಯಲ್ಲಿ ಉಳಿ ಇತ್ತು, ಎದುರಿಗೆ ತಿರುಗುವ ಮರವಿರಲಿಲ್ಲ. "ಪಾಲಿಗೆ ಬಂದದ್ದು ಪಂಚಾಮೃತ" ಎಂದ ಮಾವ. ತಂಗಿ ಆ ಪಂಚಾಮೃತದಲ್ಲಿನ ಬಾಲವನ್ನು ಬಾಗಿಲು ಬಡಿಯದಂತೆ ಅಡ್ಡ ಇಟ್ಟಳು, ತೂತಿನ ತಟ್ಟೆಯನ್ನು ಹಾಲಿನ ಪಾತ್ರೆಗೆ ಮುಚ್ಚಿದಳು, ದರ್ಜಿಯ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸಕ್ಕೆ ಸೇರಿದಳು. ಲೇತು ಮತ್ತೆ ಒಂದಾಗಿ ತನ್ನ ಕೈಗೆ ಬರಬೇಕೆಂಬ ಆಸೆ ಅವಳ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು. ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಅಮ್ಮನನ್ನು ಮಾವ ತಕ್ಕಡಿಗೆ ಹಾಕಲಿಲ್ಲ, ತಿಂಗಳಿಗೆ ಹಾಕಿದ. ತಿಂಗಳಿಗೊಬ್ಬರ ಮನೆ, ಸರದಿಯ ಮೇಲೆ. ಅಮ್ಮ ಮರುಮಾತಾಡದೆ ಚೀಲ ಎತ್ತಿಕೊಂಡು ನಡೆದಳು. ಒಪ್ಪಿಗೆಯಿದೆ ಎಂದೇ ಎಲ್ಲರೂ ತಿಳಿದರು. ಹಾಗೆ ತಿಳಿಯುವುದು ಎಲ್ಲರಿಗೂ ಅನುಕೂಲವಾಗಿತ್ತು.

ಹೀಗಿರುವಾಗ ಕುರ್ಚಿ ಮಾಡುವವನೊಬ್ಬ ಹಳೆಯ ಲೇತು ಹುಡುಕುತ್ತ ಬಂದ. ಬಿಡಿಬಿಡಿಯಾಗಿ ಕೊಟ್ಟರೆ ಗುಜರಿ ಬೆಲೆ, ಜೋಡಿಸಿ ತೋರಿಸಿದರೆ ಒಳ್ಳೆಯ ಬೆಲೆ ಎಂದ. ಒಬ್ಬ ಏರಿಗೆಳೆದರೆ ಇನ್ನೊಬ್ಬ ನೀರಿಗೆಳೆಯುತ್ತಿದ್ದ ಅಣ್ಣಂದಿರು ಜನ್ಮದಲ್ಲಿ ಮೊದಲ ಸಲ ಒಂದೇ ಕಡೆಗೆ ಎಳೆದರು.

"ನಾನು ಕೊಡಲ್ಲ" ಎಂದಳು ತಂಗಿ.

"ಬರೀ ಬಾಲ ಇಟ್ಕೊಂಡು ಏನ್ ಮಾಡ್ತೀಯ?" ಎಂದ ದೊಡ್ಡಣ್ಣ.

"ಬಾಗಿಲಿಗೆ ಇಟ್ಟಿದೀನಿ."

"ಬಾಗಿಲಿಗೆ ನಾನೊಂದು ಕಲ್ಲು ತಂದ್ಕೊಡ್ತೀನಿ."

ತಂಗಿ ಬಾಗಿಲಿನಿಂದ ಬಾಲವನ್ನು ಎತ್ತಿದಳು.

ಅವಳ ಮನೆಯ ಮುಂದಿನ ಕೋಣೆ ದೊಡ್ಡದಿದ್ದ ಕಾರಣ ಜೋಡಣೆ ಅಲ್ಲೇ ಆಯಿತು. ಆ ತಿಂಗಳು ಅಮ್ಮನ ಸರದಿಯೂ ಅಲ್ಲೇ. ಅವಳು ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ದೊಡ್ಡಣ್ಣ "ನನ್ನ ಬೆಂಚು ಹುಷಾರು" ಎಂದ, ಚಿಕ್ಕಣ್ಣ "ನನ್ನ ಸಾಣೆ ಯಾವ ಕಡೆ ಕೂರುತ್ತೆ?" ಎಂದ. ತಂಗಿ ಮಾತಾಡದೆ ತಲೆಯನ್ನು ಹಳಿಗಳ ಎಡತುದಿಗೆ ಕೂರಿಸಿ ಬೋಲ್ಟು ಬಿಗಿದಳು, ಸಾಣೆಕಲ್ಲು ತೆಗೆದು ಹಲ್ಲಿನ ಮೊನೆ ಸಿಕ್ಕಿಸಿದಳು, ಬಾಲವನ್ನು ಬಲಗಡೆಯಿಂದ ಜಾರಿಸಿದಳು, ನಡುವೆ ಅಡ್ಡಪಟ್ಟಿ ನಿಲ್ಲಿಸಿದಳು. ಮಾರಾಟಕ್ಕೆಂದು ಗೊತ್ತಿದ್ದರೂ ಕೈಗಳಿಗೆ ಹಿತವಾಗುತ್ತಿತ್ತು. ಅದಕ್ಕೆ ಅವಳಿಗೆ ತನ್ನ ಕೈಗಳ ಮೇಲೆಯೇ ಸಿಟ್ಟು ಬಂತು.

"ಬಟ್ಟಲು ಕಡೆಯೋ ತಟ್ಟೆ ಇದೆಯಾ?" ಎಂದು ಕೇಳಿದ ಕುರ್ಚಿಯವನು.

"ಹಾಲಿನ ಮೇಲಿದೆ."

ಕುರ್ಚಿಯವನು ಒಂದು ಕ್ಷಣ ಅವಳ ಮುಖ ನೋಡಿ ಪರೀಕ್ಷೆಗೆ ಇಳಿದ. ಹಳೆಯ ಲೇತಿಗೆ ಇರುವುದು ಒಂದೇ ಪರೀಕ್ಷೆ. ಬಾಲವನ್ನು ತಲೆಯ ಹತ್ತಿರ ತಂದು ಮೊನೆಗೆ ಮೊನೆ ತಾಗಿಸಬೇಕು. ತಾಗಿದರೆ ಮರ ನೇರವಾಗಿ ತಿರುಗುತ್ತದೆ. ತಾಗದಿದ್ದರೆ ಆ ಯಂತ್ರವನ್ನು ನಂಬುವ ಹಾಗಿಲ್ಲ.

ತಾಗಲಿಲ್ಲ. ತಲೆಯ ಮೊನೆ ಅರ್ಧ ನೂಲಿನಷ್ಟು, ಅಂದರೆ ಒಂದು ನಾಣ್ಯದ ದಪ್ಪದಷ್ಟು, ತಗ್ಗಿನಲ್ಲಿತ್ತು.

"ಬೆಡ್ ಬಾಗಿರಬೇಕು, ಇಲ್ಲ ತಲೆ ಸವೆದಿರಬೇಕು" ಎಂದ ಕುರ್ಚಿಯವನು. "ಬಿಚ್ಚಿ ಹಂಚ್ಕೊಂಡ ಮೆಷಿನ್ನು. ಇನ್ನೂ ಏನೇನು ಹೋಗಿದೆಯೋ, ಹುಡುಕ್ತಾ ಕೂರೋಕೆ ನನಗೆ ಪುರುಸೊತ್ತಿಲ್ಲ."

"ಒಂದು ಗ್ರಾಮೂ ಹೋಗಿಲ್ಲ, ನಾನೇ ತೂಗಿದ್ದು" ಎಂದ, ಜೋಡಣೆ ನೋಡಲು ಬಂದಿದ್ದ ಮಾವ.

ಕುರ್ಚಿಯವನು ನಮಸ್ಕಾರ ಹೇಳಿ ಹೊರಟೇಹೋದ. ತಂಗಿಗೆ ಸಂತೋಷವಾಯಿತು, ಅದರ ಬೆನ್ನಲ್ಲೇ ಸಂಕಟವಾಯಿತು. ಅಪ್ಪ ಇದರಲ್ಲಿ ಕೂದಲೆಳೆಯಷ್ಟೂ ಸೊಟ್ಟಗೆ ಕಡೆದದ್ದನ್ನು ಅವಳು ಕಂಡಿರಲಿಲ್ಲ. ಉಳಿದರೂ ಕೆಟ್ಟು ಉಳಿದ ಲೇತು ತೆಗೆದುಕೊಂಡು ಮಾಡುವುದೇನು?

ದೊಡ್ಡಣ್ಣ ಹಳಿಗೆ ಒಂದು ಒದೆ ಕೊಟ್ಟು ಕಾಲು ನೋಯಿಸಿಕೊಂಡ. "ಇದನ್ನ ವಾಪಸ್ ಹೊರ್ಸೋ ಕೂಲಿನೂ ದಂಡ. ನೀನೇ ಇಟ್ಕೊಳೇ, ನಂಗೆ ಬೇಡ."

"ನಂದೂ ನೀನೇ ಇಟ್ಕೋ" ಎಂದ ಚಿಕ್ಕಣ್ಣ. "ಹೇಗೂ ಈಗ ಯಾರೂ ಕತ್ತರಿ ಕೊಡ್ತಿಲ್ಲ."

ಒಳಬಾಗಿಲಿನಿಂದ ಅಮ್ಮ ಬಾಯಿ ತೆರೆದಳು. "ಅದನ್ನೇ ಮಾವನ ಮುಖ ನೋಡಿ ಇನ್ನೊಂದ್ಸಲ ಹೇಳಿ."

ಇಬ್ಬರೂ ಹೇಳಿದರು. ಮಾವ ಕೇಳಿಸಿಕೊಂಡೆ ಎಂದು ತಲೆಯಾಡಿಸಿದ. ಅಮ್ಮ ಒಳಗೆ ಹೋಗಿ ತನ್ನ ಚೀಲದಿಂದ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದಳು. ಒಳಗೆ ಬಿಸ್ಕತ್ತಿನ ಡಬ್ಬಿಯಿಂದ ಕತ್ತರಿಸಿದ ತಗಡಿತ್ತು. ಮಡಿಸಿ ಮಡಿಸಿ ಬಡಿದು ಚಪ್ಪಟೆ ಮಾಡಿದ ತುಂಡು, ಬೋಲ್ಟು ಹೋಗಲು ಎರಡು ತೂತು.

"ಇದು ತಲೆಯ ಕೆಳಗೆ ಹಾಕೋದು" ಎಂದಳು. "ಸೆಕೆಂಡ್ ಹ್ಯಾಂಡ್ ತಂದಾಗ್ಲೇ ಅದು ತಗ್ಗಿತ್ತು. ನಿಮ್ಮಪ್ಪ ಎತ್ತಿ ಹಿಡಿದ್ರು, ನಾನು ತುರುಕಿದೆ. ನೀವು ಬಿಚ್ಚಿದ ದಿನ ಕಸ ಗುಡಿಸುವಾಗ ಸಿಕ್ತು. ಯಾರ ಪಾಲಿಗೂ ಬಂದಿರ್ಲಿಲ್ಲ, ನಾನಿಟ್ಕೊಂಡೆ."

ಮಾವ ಅದನ್ನು ಅಂಗೈ ಮೇಲಿಟ್ಟು ಎತ್ತಿ ಇಳಿಸಿ ನೋಡಿದ. "ಇದಕ್ಕೆ ತೂಕವೇ ಇಲ್ಲವಲ್ಲಕ್ಕ."

"ಅದಕ್ಕೇ ನಿನ್ನ ಕಣ್ಣಿಗೆ ಬೀಳ್ಲಿಲ್ಲ."

"ಮೊದ್ಲೇ ಕೊಡೋಕೆ ಏನಾಗಿತ್ತು? ಕುರ್ಚಿಯವನು ಇನ್ನೂ ಬೀದಿ ದಾಟಿರಲ್ಲ, ಕರೀತೀನಿ" ಎಂದು ದೊಡ್ಡಣ್ಣ ಕುಂಟುತ್ತ ಬಾಗಿಲಿಗೆ ನಡೆದ.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು" ಎಂದು ಮಾವ ಅಡ್ಡ ಬಂದ. "ನನ್ನ ಮುಖ ನೋಡಿ ಹೇಳಿದೀಯ." ತೂಕದ ಮನುಷ್ಯನಿಗೆ ಮಾತೂ ತೂಕದ ಸಾಮಾನೇ.

ತಂಗಿ ಬೋಲ್ಟು ಸಡಿಲಿಸಿ ತಗಡು ತೂರಿಸಿ ಮತ್ತೆ ಬಿಗಿದಳು. ಬಾಲವನ್ನು ಮೆಲ್ಲಗೆ ಮುಂದೆ ತಂದಳು. ಎರಡು ಮೊನೆಗಳು ಒಂದನ್ನೊಂದು ಮುಟ್ಟಿ ನಿಂತವು. ಅವಳ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಎಣ್ಣೆಯಾಗಿತ್ತು. ಅಣ್ಣಂದಿರು ಗೋಡೆಯನ್ನು ನೋಡಿದರು.

ದೊಡ್ಡಣ್ಣ ಬಾಗಿಲಿನಿಂದ ಹಿಂದಕ್ಕೆ ಬಂದ. "ಆಯ್ತು, ಲೇತು ಹೋದ್ರೆ ಹೋಯ್ತು. ಅಮ್ಮ, ನಾಳೆಯಿಂದ ನನ್ನ ಸರದಿ. ಬೆಳಿಗ್ಗೆ ಆಟೋ ತರ್ತೀನಿ."

"ತರಬೇಡಪ್ಪ. ನಾನು ಬರಲ್ಲ."

"ಅಕ್ಕ, ಹಾಗಂದ್ರೆ ಹೇಗೆ? ಮೂವರಿಗೂ ಸಮ ಮಾಡಿದೀನಿ" ಎಂದ ಮಾವ.

"ನಿನ್ನ ಲೆಕ್ಕ ತಪ್ಪು ಅಂತ ನಾನೆಲ್ಲಿ ಹೇಳ್ದೆ? ಸರಿಯಾಗೇ ಇತ್ತು. ನನ್ನನ್ನ ಯಾರೂ ಕೇಳಿರ್ಲಿಲ್ಲ, ಅಷ್ಟೇ."

ಅಮ್ಮ ಇದನ್ನು ನಾಳೆ ಹಾಲಿನವನು ಬರುವುದಿಲ್ಲ ಎಂಬಂತೆ ಹೇಳಿದಳು. ತಂಗಿಗೆ ನಾಚಿಕೆಯಾಯಿತು. ತಲೆ ಯಾರ ಮನೆಯಲ್ಲಿದೆ, ಬೆಡ್ಡು ಯಾರಲ್ಲಿದೆ ಎಂದು ಹಗಲಿರುಳೂ ಕೊರಗಿದ್ದಳು. ತಿಂಗಳು ಮುಗಿದಾಗ ಅಮ್ಮನ ಚೀಲವನ್ನು ಬಾಗಿಲವರೆಗೆ ಹೊತ್ತು ಕೊಡುತ್ತಿದ್ದವಳೂ ಅವಳೇ. ಒಳ್ಳೆಯ ಮಗಳು ಮಾಡುವ ಕೆಲಸ ಅದೇ ಎಂದುಕೊಂಡಿದ್ದಳು.

"ಈಗ ಕೇಳ್ತಿದೀನಿ ಅಮ್ಮ" ಎಂದಳು. "ನಿಂಗೆ ಏನು ಬೇಕು?"

ಅಮ್ಮ ಮಗಳನ್ನು ನೋಡಿದಳು, ಗಂಡುಮಕ್ಕಳನ್ನು ನೋಡಿದಳು, ತಮ್ಮನನ್ನೂ ನೋಡಿದಳು. ಸ್ಟೂಲು ಎಳೆದುಕೊಂಡು ಲೇತಿನ ಪಕ್ಕ ಕೂತಳು.

"ಇರು" ಎಂದಳು. "ಯೋಚನೆ ಮಾಡಿ ಹೇಳ್ತೀನಿ."